ಆ ಮಾತು ಹೇಳಿದ್ದು ಯಾರು?

ಕ್ರಿಸ್‌ಮಸ್ ಸಂಚಿಕೆ ಹೊರಬಂದ ಮೇಲೆ ಬೈಬಲ್ ಬಗ್ಗೆ ಒಂದು ಕಂತೆ ಪತ್ರ ಬಂದಿವೆ. ಬರೆದವರಲ್ಲಿ ಅರ್ಧಕ್ಕರ್ಧ ಜನ ಕ್ರೈಸ್ತರಲ್ಲ. ಅದರಲ್ಲಿ ಆಶ್ಚರ್ಯ ಏನಿಲ್ಲ. ಮುಂಬೈಯಲ್ಲಿದ್ದು ಬಾಂದ್ರಾದ ಮೌಂಟ್ ಮೇರಿ ಜಾತ್ರೆಗೆ ಒಮ್ಮೆಯೂ ಹೋಗದ, ಮಂಗಳೂರು ಕಡೆಯ ಸ್ನೇಹಿತರ ಮನೆಯಲ್ಲಿ ಕ್ರಿಸ್‌ಮಸ್ ತಿಂಡಿ ಕುಸ್ವಾರ್ ತಿನ್ನದ ಕನ್ನಡಿಗರು ಎಷ್ಟು ಜನ ಸಿಕ್ಕಾರು? ಎಲ್ಲ ಪತ್ರಗಳಿಗೂ ಇಲ್ಲಿ ಜಾಗ ಇಲ್ಲ, ಬೇಸರ ಮಾಡಿಕೊಳ್ಳಬೇಡಿ. ಬೈಬಲಿನ ಮಾತುಗಳನ್ನು ನನ್ನ ಆಡುಮಾತಿನಲ್ಲೇ ಹೇಳಿದ್ದೇನೆ. ಅಧ್ಯಾಯ, ವಾಕ್ಯದ ಸಂಖ್ಯೆ ಪಕ್ಕದಲ್ಲಿದೆ. ನಂಬಿಕೆ ಬರದಿದ್ದರೆ ತೆರೆದು ನೋಡಿ. ನಂಬಿಕೆ ಬಂದರೂ ನೋಡಿ.

ಪ್ರಶ್ನೆ: ನಾನು ಎರಡನೇ ಹೋಟೆಲ್ ತೆರೆದಾಗ ಕ್ರೈಸ್ತ ಸ್ನೇಹಿತರೊಬ್ಬರು ಕಟ್ಟು ಹಾಕಿಸಿದ ವಾಕ್ಯ ಉಡುಗೊರೆ ಕೊಟ್ಟರು. ‘ನಿನ್ನ ಆರಂಭ ಚಿಕ್ಕದಾಗಿದ್ದರೂ ನಿನ್ನ ಮುಂದಿನ ಸ್ಥಿತಿ ಬಹಳ ವೃದ್ಧಿಯಾಗುವುದು’ ಅಂತ ಇದೆ. ಗಲ್ಲಾದ ಹಿಂದೆ, ಲಕ್ಷ್ಮಿ ಫೋಟೋ ಪಕ್ಕದಲ್ಲೇ ತೂಗುಹಾಕಿದ್ದೇನೆ. ಇದು ದೇವರು ಹೇಳಿದ ಮಾತಾ? ಯಾರಿಗೆ ಹೇಳಿದ್ದು?
— ಹೋಟೆಲ್ ಮಾಲೀಕರು, ಘಾಟ್‌ಕೋಪರ್

ಉತ್ತರ: ದೇವರು ಹೇಳಿದ್ದಲ್ಲ. ಪ್ರವಾದಿ ಹೇಳಿದ್ದೂ ಅಲ್ಲ. ಯೋಬನ ಗ್ರಂಥದ 8ನೇ ಅಧ್ಯಾಯದ 7ನೇ ವಾಕ್ಯ ಅದು. ಹೇಳಿದವನು ಯೋಬನ ಗೆಳೆಯ, ಬಿಲ್ದದ ಅನ್ನುವವನು. ಹೊಸ ಅಂಗಡಿ, ಹೊಸ ಮನೆ, ಮದುವೆ ಅಂದರೆ ಸಾಕು, ಈ ಮಾತು ಕಾರ್ಡಿನ ಮೇಲೆ ಬಂದು ಕೂತುಬಿಡುತ್ತದೆ. ಸಂದರ್ಭ ಗೊತ್ತಾದರೆ ಬರೆಸಿದವರಿಗೇ ಕಸಿವಿಸಿ ಆದೀತು.

ಯೋಬ ಅನುಕೂಲಸ್ಥ, ಒಳ್ಳೆಯವನು. ಒಂದೇ ದಿನದಲ್ಲಿ ಅವನ ಎತ್ತು, ಕತ್ತೆ, ಕುರಿ, ಒಂಟೆ ಎಲ್ಲ ಹೋಗುತ್ತದೆ. ಹಿರಿಮಗನ ಮನೆಯಲ್ಲಿ ಊಟಕ್ಕೆ ಕೂತಿದ್ದ ಅವನ ಮಕ್ಕಳ ಮೇಲೆ ಮನೆ ಕುಸಿದು ಏಳು ಗಂಡು, ಮೂರು ಹೆಣ್ಣು, ಹತ್ತೂ ಜನ ಸಾಯುತ್ತಾರೆ. ಆಮೇಲೆ ಅಂಗಾಲಿನಿಂದ ನೆತ್ತಿಯವರೆಗೆ ಹುಣ್ಣು. ಬೂದಿಯಲ್ಲಿ ಕೂತು ಮಡಕೆ ಚೂರಿನಿಂದ ಮೈ ಕೆರೆದುಕೊಳ್ಳುತ್ತಾನೆ. ಮೂವರು ಗೆಳೆಯರು ಸಮಾಧಾನ ಹೇಳಲು ಬಂದು, ಅವನ ಗುರುತೇ ಸಿಗದೆ ಅತ್ತು, ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ನೆ ಕೂರುತ್ತಾರೆ. ಅಷ್ಟಕ್ಕೇ ಎದ್ದು ಹೋಗಿದ್ದರೆ ಎಷ್ಟು ಚೆನ್ನಾಗಿತ್ತು! ಬಾಯಿ ಬಿಟ್ಟದ್ದೇ ತಪ್ಪಾಯಿತು. ನೀನು ಏನೋ ಪಾಪ ಮಾಡಿರಬೇಕು, ಇಲ್ಲದಿದ್ದರೆ ಹೀಗೆಲ್ಲ ಯಾಕೆ ಆಗುತ್ತಿತ್ತು ಅಂತ ಒಬ್ಬರಾದ ಮೇಲೆ ಒಬ್ಬರು ಶುರು ಮಾಡುತ್ತಾರೆ. ಬಿಲ್ದದನ ಸರದಿ ಬಂದಾಗ ಅವನು ಶುರುವಿನಲ್ಲೇ ಹೇಳುವುದು 4ನೇ ವಾಕ್ಯ: ನಿನ್ನ ಮಕ್ಕಳು ಪಾಪ ಮಾಡಿದ್ದರು, ಅದಕ್ಕೇ ಹೋದರು. ಹತ್ತು ಮಕ್ಕಳನ್ನು ಮಣ್ಣು ಮಾಡಿದ ಅಪ್ಪನ ಮುಖಕ್ಕೆ! ಅದಾದ ಮೇಲೆ, ನೀನು ಶುದ್ಧನಾಗಿದ್ದರೆ ದೇವರು ನಿನಗೆ ಮತ್ತೆ ಕೊಡುತ್ತಾನೆ, ಆರಂಭ ಚಿಕ್ಕದಾಗಿದ್ದರೂ ಮುಂದೆ ವೃದ್ಧಿ ಅನ್ನುತ್ತಾನೆ. ನಿಮ್ಮ ಗಲ್ಲಾದ ಹಿಂದೆ ಇರುವುದು ಆ ಬಾಲದ ತುಂಡು.

ಗ್ರಂಥದ ಕೊನೆಯಲ್ಲಿ, 42ನೇ ಅಧ್ಯಾಯದ 7ನೇ ವಾಕ್ಯದಲ್ಲಿ, ದೇವರು ಆ ಮೂವರ ಮೇಲೂ ಕೋಪಿಸಿಕೊಳ್ಳುತ್ತಾನೆ. ಯೋಬನ ಹಾಗೆ ನೀವು ನನ್ನ ಬಗ್ಗೆ ಸರಿಯಾದ ಮಾತು ಆಡಲಿಲ್ಲ ಅನ್ನುತ್ತಾನೆ. ಏಳು ಹೋರಿ, ಏಳು ಟಗರು ತೆಗೆದುಕೊಂಡು ಹೋಗಿ ಬಲಿ ಕೊಡಿ, ಯೋಬ ನಿಮಗೋಸ್ಕರ ಪ್ರಾರ್ಥನೆ ಮಾಡುತ್ತಾನೆ ಅಂತ ಕಳಿಸುತ್ತಾನೆ. ಗಮನಿಸಿ, ಸರಿಯಾಗಿ ಮಾತಾಡಿದವನು ಅಂತ ದೇವರು ಒಪ್ಪಿಕೊಂಡದ್ದು ಅಧ್ಯಾಯಗಟ್ಟಲೆ ದೂರು ಹೇಳಿದವನನ್ನು, ಹುಟ್ಟಿದ ದಿನವನ್ನೇ ಶಪಿಸಿಕೊಂಡವನನ್ನು. ಭಕ್ತಿಯ ಮಾತು ಆಡಿದವರನ್ನಲ್ಲ.

ನೀವು ಹೋಟೆಲಿನವರು, ತಾಳಮದ್ದಲೆ ಕೇಳಿಯೇ ಇರುತ್ತೀರಿ. ಕೌರವನ ಅರ್ಥಧಾರಿ ಗಟ್ಟಿಗನಾಗಿದ್ದರೆ ಆ ರಾತ್ರಿ ಕೃಷ್ಣನೇ ತಡವರಿಸುತ್ತಾನೆ, ಜನ ಚಪ್ಪಾಳೆ ಹೊಡೆಯುತ್ತಾರೆ. ಹಾಗಂತ ಬೆಳಿಗ್ಗೆ ಎದ್ದು ಕೌರವನ ಮಾತನ್ನು ವ್ಯಾಸರ ಉಪದೇಶ ಅಂತ ಯಾರೂ ಗೋಡೆಗೆ ಹಾಕುವುದಿಲ್ಲ. ಯೋಬನ ಗ್ರಂಥವೂ ಅಂಥದೇ ವಾದದ ಗ್ರಂಥ. ಯಾರ ಬಾಯಿಯ ಮಾತು ಅಂತ ನೋಡದೆ ಕಿತ್ತುಕೊಂಡರೆ ಎದುರು ಪಕ್ಷದ ಸಾಲು ನಮ್ಮ ಕೈಗೆ ಬಂದಿರುತ್ತದೆ.

ಒಂದು ಮಾತು ಮಾತ್ರ ಬಿಲ್ದದನ ಪರವಾಗಿ ಹೇಳಬೇಕು. ಕೊನೆಗೆ ಯೋಬನಿಗೆ ಮೊದಲಿಗಿಂತ ಎರಡು ಪಟ್ಟು ಆಸ್ತಿ ಬರುತ್ತದೆ. 14,000 ಕುರಿ, 6,000 ಒಂಟೆ, ಎಲ್ಲ ಲೆಕ್ಕ ಸಮೇತ ಬರೆದಿದ್ದಾರೆ. ಹಾಗಾಗಿ ಅವನ ಮಾತು ನಿಜವಾಯಿತಲ್ಲ ಅಂತ ವಾದಿಸುವವರಿದ್ದಾರೆ. ನಿಜವಾಯಿತು, ಆದರೆ ಅವನು ಕೊಟ್ಟ ಕಾರಣಕ್ಕಲ್ಲ. ಯೋಬ ಒಪ್ಪಿಕೊಳ್ಳಬೇಕು ಅಂತ ಅವರು ಹಟ ಹಿಡಿದ ಆ ಪಾಪ ಇರಲೇ ಇಲ್ಲ.

ಕಟ್ಟು ತೆಗೆಯಬೇಕಾಗಿಲ್ಲ ಮಾರಾಯ್ರೆ, ಕೊಟ್ಟವರ ಮನಸ್ಸು ಒಳ್ಳೆಯದು. ಪಕ್ಕದಲ್ಲಿ ಇನ್ನೊಂದಕ್ಕೆ ಜಾಗ ಇದ್ದರೆ ಜ್ಞಾನೋಕ್ತಿ 11ನೇ ಅಧ್ಯಾಯದ ಮೊದಲ ವಾಕ್ಯ ಹಾಕಿಸಿ: ಮೋಸದ ತಕ್ಕಡಿ ದೇವರಿಗೆ ಅಸಹ್ಯ, ಸರಿಯಾದ ತೂಕ ಅವನಿಗೆ ಇಷ್ಟ. ಗಲ್ಲಾದ ಹಿಂದೆ ಅದು ಚೆನ್ನಾಗಿ ಒಪ್ಪುತ್ತದೆ. ಗಿರಾಕಿಗಳೂ ಓದಲಿ.

ಪ್ರಶ್ನೆ: ನಾನು ಒಂಬತ್ತನೇ ಕ್ಲಾಸ್. ಗೋದಲಿ (ಯೇಸು ಹುಟ್ಟಿದ ದೃಶ್ಯದ ಬೊಂಬೆ) ಸ್ಪರ್ಧೆಯಲ್ಲಿ ನಮ್ಮ ಬಿಲ್ಡಿಂಗಿನವರು ಮೂರು ರಾಜರನ್ನು ಇಟ್ಟಿದ್ದರು. ಬೈಬಲಿನಲ್ಲಿ ಮೂರು ಅಂತ ಇಲ್ಲ ಅಂತ ನನ್ನ ಅಕ್ಕ ಹೇಳುತ್ತಾಳೆ. ಹೌದಾ? ಆದಾಮ ತಿಂದದ್ದು ಸೇಬು, ಯೋನನನ್ನು ನುಂಗಿದ್ದು ತಿಮಿಂಗಿಲ, ಇವೂ ಸುಳ್ಳಾ?
— ವಿದ್ಯಾರ್ಥಿನಿ, ಮೀರಾ ರೋಡ್

ಉತ್ತರ: ಅಕ್ಕ ಗೆದ್ದಳು. ಮತ್ತಾಯ 2ನೇ ಅಧ್ಯಾಯ ಓದು ಮಗು. ಮೂಡಣ ದೇಶದ ಜೋಯಿಸರು ಬಂದರು ಅಂತ ಇದೆ. ಎಷ್ಟು ಜನ ಅಂತ ಇಲ್ಲ, ರಾಜರು ಅಂತ ಇಲ್ಲ, ಹೆಸರೂ ಇಲ್ಲ. ಚಿನ್ನ, ಧೂಪ, ರಕ್ತಬೋಳ ಅಂತ ಕಾಣಿಕೆ ಮೂರು ಇದ್ದದ್ದಕ್ಕೆ ಜನರೂ ಮೂರು ಆದರು. ಅವರು ಬಂದದ್ದು ‘ಮನೆ’ಗೆ. ಗೋದಲಿ, ಕುರುಬರು ಬರುವುದು ಲೂಕ 2ರಲ್ಲಿ, ಅದು ಹುಟ್ಟಿದ ರಾತ್ರಿಯ ಕಥೆ. ಜೋಯಿಸರು ಬರುವಷ್ಟರಲ್ಲಿ ಸಾಕಷ್ಟು ದಿನ ಆಗಿರಬಹುದು, ಯಾಕೆಂದರೆ ಅರಸ ಹೆರೋದ ಕೊಲ್ಲಿಸಲು ಹುಡುಕಿಸಿದ್ದು ಎರಡು ವರ್ಷದೊಳಗಿನ ಮಕ್ಕಳನ್ನು. ಎತ್ತು, ಕತ್ತೆ ಎರಡೂ ಕಡೆ ಇಲ್ಲ. ಹಾಗಂತ ಗೋದಲಿಯಿಂದ ಕತ್ತೆಯನ್ನು ಎಬ್ಬಿಸಬೇಡಿ. ಸ್ಪರ್ಧೆ ಸ್ಪರ್ಧೆಯೇ, ಚೆಂದ ಇರಬೇಕಲ್ಲ.

ಆದಿಕಾಂಡದಲ್ಲಿ ಹಣ್ಣಿಗೆ ಹೆಸರಿಲ್ಲ. ಅಲ್ಲಿ ಹೆಸರಿರುವ ಗಿಡ ಅಂಜೂರ ಒಂದೇ, ಅದೂ ಎಲೆಯನ್ನು ಉಟ್ಟುಕೊಳ್ಳಲಿಕ್ಕೆ. ಯೋನನನ್ನು ನುಂಗಿದ್ದು ‘ದೊಡ್ಡ ಮೀನು’, ಅಷ್ಟೇ. ಮೀನಿನ ಜಾತಿ ಹುಡುಕುತ್ತಾ ಕೂತರೆ 4ನೇ ಅಧ್ಯಾಯ ಓದದೆ ಉಳಿಯುತ್ತದೆ. ಇರುವುದೇ ನಾಲ್ಕು ಪುಟ್ಟ ಅಧ್ಯಾಯ. ಶತ್ರುಗಳ ಊರು ನಿನೆವೆಯನ್ನು ದೇವರು ಕ್ಷಮಿಸಿಬಿಟ್ಟ ಅಂತ ಪ್ರವಾದಿಗೇ ಸಿಟ್ಟು ಬರುತ್ತದೆ. ಊರ ಹೊರಗೆ ಮುಖ ಊದಿಸಿಕೊಂಡು ಕೂರುತ್ತಾನೆ. ನೆರಳು ಕೊಟ್ಟ ಗಿಡ ಒಣಗಿದ್ದಕ್ಕೆ ಸತ್ತೇ ಹೋಗುತ್ತೇನೆ ಅನ್ನುತ್ತಾನೆ. ಒಂದು ಗಿಡಕ್ಕೆ ನೀನು ಇಷ್ಟು ಮರುಗುತ್ತೀಯ, 1,20,000ಕ್ಕಿಂತ ಜಾಸ್ತಿ ಜನ ಇರುವ ಊರಿಗೆ ನಾನು ಮರುಗಬಾರದಾ, ದನಕರುಗಳೂ ಇವೆಯಲ್ಲ ಅಂತ ದೇವರು ಕೇಳುತ್ತಾನೆ. ಪುಸ್ತಕ ಆ ಪ್ರಶ್ನೆಗೇ ಮುಗಿದುಹೋಗುತ್ತದೆ. ಯೋನ ಏನು ಉತ್ತರ ಕೊಟ್ಟ ಅಂತ ಬರೆದೇ ಇಲ್ಲ.

ಪ್ರಶ್ನೆ: ನಮ್ಮ ಸಭೆಯ (ಚರ್ಚಿನ) ಹಬ್ಬದ ಖರ್ಚಿನ ಲೆಕ್ಕ ಕೇಳಿದರೆ ಖಜಾಂಚಿಯವರು ‘ತೀರ್ಪು ಮಾಡಬೇಡಿರಿ ಅಂತ ಯೇಸು ಹೇಳಿದ್ದಾನೆ’ ಅಂತ ಬಾಯಿ ಮುಚ್ಚಿಸುತ್ತಾರೆ. ಏನು ಹೇಳಲಿ?
— ಹೆಸರು ಬೇಡ, ಕಲೀನಾ

ಉತ್ತರ: ಮತ್ತಾಯ 7ನೇ ಅಧ್ಯಾಯದ ಮೊದಲ ವಾಕ್ಯ. ಅವರು ಹೇಳಿದ ಮಾತು ಅಲ್ಲಿದೆ. ಆದರೆ ಐದನೇ ವಾಕ್ಯದವರೆಗೆ ಓದಿಸಿ. ನಿನ್ನ ಕಣ್ಣಲ್ಲಿರುವ ತೊಲೆಯನ್ನು ಮೊದಲು ತೆಗೆದುಹಾಕು, ಆಮೇಲೆ ಅಣ್ಣನ ಕಣ್ಣಿನ ಕಸ ತೆಗೆಯಲು ನಿನಗೆ ಚೆನ್ನಾಗಿ ಕಾಣಿಸುತ್ತದೆ ಅಂತ ಇದೆ. ಅಂದರೆ ಕಸ ತೆಗೆಯುವ ಕೆಲಸ ಉಳಿದೇ ಇದೆ. ಬೇಡ ಅಂದದ್ದು ಎರಡು ಅಳತೆ ಇಟ್ಟುಕೊಳ್ಳುವುದನ್ನು. ಅದೇ ಅಧ್ಯಾಯದಲ್ಲಿ ಮುಂದೆ ಸುಳ್ಳು ಪ್ರವಾದಿಗಳನ್ನು ಅವರ ಫಲದಿಂದ ಗುರುತಿಸಿ ಅನ್ನುತ್ತಾನೆ. ಯಾರನ್ನೂ ಅಳೆಯದೆ ಗುರುತಿಸುವುದು ಹೇಗೆ? ಯೋಹಾನ 7ರ 24ರಲ್ಲಂತೂ ಮೇಲ್ನೋಟಕ್ಕೆ ತೀರ್ಪು ಮಾಡಬೇಡಿ, ನ್ಯಾಯವಾಗಿ ಮಾಡಿ ಅಂತ ನೇರವಾಗಿಯೇ ಇದೆ.

ಲೆಕ್ಕದ ವಿಷಯಕ್ಕೆ ಬೇರೆಯದೇ ವಾಕ್ಯ ಇದೆ, ಖಜಾಂಚಿಯವರಿಗೆ ಅದು ಗೊತ್ತಿಲ್ಲದೆ ಇರಲಿಕ್ಕಿಲ್ಲ. ಯೇಸುವಿನ ಸುದ್ದಿ ಸಾರುತ್ತಿದ್ದ ಪೌಲ ಜೆರುಸಲೇಮಿನ ಬಡವರಿಗಾಗಿ ಊರೂರು ಚಂದಾ ಎತ್ತಿದ. ಆ ಹಣವನ್ನು ಒಬ್ಬನೇ ಜೇಬಿಗಿಟ್ಟುಕೊಂಡು ಹೊರಡಲಿಲ್ಲ. ಸಭೆಗಳೇ ಆರಿಸಿದ ಜನರನ್ನು ಜೊತೆಗೆ ಇಟ್ಟುಕೊಂಡ. ಇಷ್ಟು ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ನಮ್ಮ ಕಡೆ ಬೆರಳು ತೋರಿಸಬಾರದು, ದೇವರ ಎದುರಷ್ಟೇ ಅಲ್ಲ, ಮನುಷ್ಯರ ಎದುರಿಗೂ ಸರಿಯಾಗಿರಬೇಕು ಅಂತ ಬರೆದ. ಕೊರಿಂಥದವರಿಗೆ ಎರಡನೇ ಪತ್ರ, 8ನೇ ಅಧ್ಯಾಯ, 20 ಮತ್ತು 21. ಇದನ್ನು ನೋಟೀಸ್ ಬೋರ್ಡಿಗೆ ಹಚ್ಚಿ. ಲೆಕ್ಕ ಕೇಳುವುದನ್ನಂತೂ ಬಿಡಬೇಡಿ.

ಪ್ರಶ್ನೆ: ಒಂಟೆ ಸೂಜಿಯ ಕಣ್ಣಿನಲ್ಲಿ ನುಸುಳಬಹುದು, ಶ್ರೀಮಂತ ದೇವರ ರಾಜ್ಯಕ್ಕೆ ಹೋಗುವುದು ಕಷ್ಟ ಅಂತ ಇದೆಯಲ್ಲ, ಆ ‘ಸೂಜಿಯ ಕಣ್ಣು’ ಜೆರುಸಲೇಮಿನ ಒಂದು ಸಣ್ಣ ಬಾಗಿಲಂತೆ. ಒಂಟೆ ಹೊರೆ ಇಳಿಸಿ ಮೊಣಕಾಲೂರಿದರೆ ಒಳಗೆ ಹೋಗುತ್ತದಂತೆ. ನಿಜವೇ?
— ವ್ಯಾಪಾರಸ್ಥರು, ವಾಸ್ಕೋ

ಉತ್ತರ: ಯೇಸುವಿನ ಕಾಲದಲ್ಲಿ ಹಾಗೊಂದು ಬಾಗಿಲಿತ್ತು ಅನ್ನಲು ಆಧಾರ ಏನೂ ಇಲ್ಲ. ಶ್ರೀಮಂತರಿಗೆ ಸಮಾಧಾನ ಆಗಲಿ ಅಂತ ಆಮೇಲೆ ಹುಟ್ಟಿದ ಕಥೆ, ಅಂತ ನನಗೆ ಅನಿಸುತ್ತದೆ. ಇತಿಹಾಸದ ಪುಸ್ತಕ ಹುಡುಕುವುದೂ ಬೇಡ, ಮಾರ್ಕ 10ರಲ್ಲಿ ಮುಂದಿನ ಸಾಲು ಓದಿದರೆ ಸಾಕು. ಶಿಷ್ಯರು ಬೆರಗಾಗಿ, ಹಾಗಾದರೆ ಪಾರಾಗುವವರು ಯಾರು ಅಂತ ಕೇಳುತ್ತಾರೆ. ಹೊರೆ ಇಳಿಸಿ ಬಗ್ಗಿ ಹೋಗುವ ಬಾಗಿಲಾಗಿದ್ದರೆ ಬೆರಗಾಗಲು ಏನಿತ್ತು? ಮನುಷ್ಯರಿಗೆ ಅಸಾಧ್ಯ, ದೇವರಿಗೆ ಎಲ್ಲ ಸಾಧ್ಯ ಅಂತ ಯೇಸು ಉತ್ತರ ಕೊಡುತ್ತಾನೆ. ಬಾಗಿಲು ಇದ್ದಿದ್ದರೆ ಮನುಷ್ಯರಿಗೂ ಸಾಧ್ಯವಿತ್ತಲ್ಲ.

ದುಡ್ಡಿನ ಮಾತು ಬಂತು ಅಂತ ಇನ್ನೊಂದು ಹೇಳಿಬಿಡುತ್ತೇನೆ. ‘ದುಡ್ಡೇ ಎಲ್ಲ ಕೇಡಿಗೂ ಮೂಲ’ ಅಂತ ಬೈಬಲ್ ಹೇಳುವುದಿಲ್ಲ. ತಿಮೊಥೆಯನಿಗೆ ಬರೆದ ಮೊದಲ ಪತ್ರದ 6ರ 10ರಲ್ಲಿ ಇರುವುದು ದುಡ್ಡಿನ ಆಸೆ. ಆ ಆಸೆಗೆ ಕೋಟ್ಯಧಿಪತಿಯೇ ಆಗಬೇಕು ಅಂತ ಏನೂ ಇಲ್ಲ.

ಪ್ರಶ್ನೆ: ‘ಹೆಂಡತಿಯರೇ, ಗಂಡಂದಿರಿಗೆ ಅಧೀನರಾಗಿರಿ.’ ಜಗಳ ಆದಾಗಲೆಲ್ಲ ನನ್ನ ಗಂಡ ಈ ವಾಕ್ಯ ಓದುತ್ತಾರೆ. ಕೆಲವು ಸಲ ಕೈಯೂ ಎತ್ತುತ್ತಾರೆ. ದೇವರ ಮಾತಿಗೆ ಎದುರಾಡಬಾರದು ಅಂತ ಸುಮ್ಮನಿದ್ದೇನೆ.
— ಡೊಂಬಿವಲಿಯಿಂದ ಒಬ್ಬರು

ಉತ್ತರ: ಅಕ್ಕ, ಮೊದಲು ಎರಡನೇ ಸಾಲಿಗೆ ಉತ್ತರ. ಕೈ ಎತ್ತುವುದು ಅಪರಾಧ. ಹೆಂಗಸರ ಸಹಾಯವಾಣಿ 181, ತುರ್ತು ಇದ್ದರೆ 112. ಮನೆಯೊಳಗಿನ ಹಿಂಸೆಯಿಂದ ರಕ್ಷಣೆಗೆ 2005ರ ಕಾನೂನೇ ಇದೆ. ನಿಮಗೆ ನಂಬಿಕೆ ಇರುವ ಒಬ್ಬರಿಗೆ, ತವರಿನವರೋ, ಪಕ್ಕದ ಮನೆಯವರೋ, ಇವತ್ತೇ ವಿಷಯ ತಿಳಿಸಿ. ಇದಕ್ಕೆ ಬೈಬಲಿನ ಅಪ್ಪಣೆ ಬೇಕಾಗಿಲ್ಲ.

ಇನ್ನು ವಾಕ್ಯ. ಎಫೆಸದವರಿಗೆ ಬರೆದ ಪತ್ರದ 5ನೇ ಅಧ್ಯಾಯದ 22. ಅವರು ಓದುವುದು ಅಲ್ಲಿಂದ. ಒಂದು ಸಾಲು ಹಿಂದೆ ಹೋದರೆ 21ರಲ್ಲಿ ಒಬ್ಬರಿಗೊಬ್ಬರು ಅಧೀನರಾಗಿರಿ ಅಂತ ಇದೆ, ಅದು ಎಲ್ಲರಿಗೂ. ಹೆಂಡತಿಯರಿಗೆ ಹೇಳಿದ್ದು ಮೂರು ವಾಕ್ಯದಲ್ಲಿ ಮುಗಿಯುತ್ತದೆ. 25ರಿಂದ ಗಂಡಂದಿರ ಸರದಿ, ಅದು ಎರಡು ಪಟ್ಟಿಗಿಂತ ಜಾಸ್ತಿ ಉದ್ದ ಇದೆ. ಕ್ರಿಸ್ತ ಸಭೆಗಾಗಿ ತನ್ನನ್ನೇ ಕೊಟ್ಟುಕೊಂಡ ಹಾಗೆ ಹೆಂಡತಿಯನ್ನು ಪ್ರೀತಿಸಿ, ನಿಮ್ಮ ಸ್ವಂತ ಮೈಯಂತೆ ನೋಡಿಕೊಳ್ಳಿ, ತನ್ನ ಮೈಯನ್ನು ಯಾರೂ ದ್ವೇಷಿಸುವುದಿಲ್ಲ, ಪೋಷಿಸುತ್ತಾರೆ ಅಂತ ಇದೆ. ಆ ಭಾಗವನ್ನು ಅವರು ಯಾವತ್ತಾದರೂ ಗಟ್ಟಿಯಾಗಿ ಓದಿದ್ದಾರಾ? ‘ಗಂಡ ಹೆಂಡತಿಗೆ ತಲೆ’ ಅನ್ನುವ 23ನೇ ವಾಕ್ಯದ ಬಗ್ಗೆ ಸಭೆಸಭೆಗಳ ನಡುವೆ ಇವತ್ತಿಗೂ ಚರ್ಚೆ ಇದೆ, ಅದನ್ನು ನಾನಿಲ್ಲಿ ಬಗೆಹರಿಸಲು ಹೋಗುವುದಿಲ್ಲ. ಆದರೆ ಹೆಂಡತಿಗೆ ಹೇಳಿದ ಮಾತನ್ನು ಗಂಡ ಜಾರಿ ಮಾಡಿಸಬೇಕು ಅಂತ ಇಡೀ ಅಧ್ಯಾಯದಲ್ಲಿ ಎಲ್ಲೂ ಇಲ್ಲ. ಅವರಿಗೆ ಬರೆದದ್ದು ಬೇರೆ ಇದೆ, ಅದನ್ನು ಅವರು ಮಾಡಲಿ.

ಪ್ರಶ್ನೆ: ಯೆರೆಮೀಯ 29ರ 11 ನನ್ನ ಮೊಬೈಲಿನ ಮುಖಪುಟದಲ್ಲಿತ್ತು. ‘ನಿಮ್ಮ ವಿಷಯದಲ್ಲಿ ನನಗಿರುವ ಆಲೋಚನೆ ಹಿತದ್ದು, ಕೇಡಿನದ್ದಲ್ಲ.’ ಕೆಲಸ ಹೋಯಿತು. ಹೊಸ ಕೆಲಸ ಸಿಕ್ಕಿಲ್ಲ. ಗೆಳೆಯರು ಈ ವರ್ಷವೇ ನೆರವೇರುತ್ತದೆ, ನಂಬು ಅನ್ನುತ್ತಾರೆ. ನನ್ನ ನಂಬಿಕೆಯಲ್ಲೇ ಏನಾದರೂ ಕೊರತೆಯಾ?
— ಸಾಫ್ಟ್‌ವೇರ್ ಉದ್ಯೋಗಿ (ಆಗಿದ್ದವರು), ಹಿಂಜವಾಡಿ, ಪುಣೆ

ಉತ್ತರ: ಕೊರತೆ ನಿಮ್ಮ ನಂಬಿಕೆಯದ್ದಲ್ಲ, ಓದಿಸಿದವರದ್ದು. ಅದು ಒಂದು ಕಾಗದದ ನಡುವಿನ ಸಾಲು. ಕ್ರಿ.ಪೂ. 597ರಲ್ಲಿ ನೆಬೂಕದ್ನೆಚ್ಚರ ಜೆರುಸಲೇಮಿನ ರಾಜನನ್ನೂ ಕುಶಲಕರ್ಮಿಗಳನ್ನೂ ದೊಡ್ಡ ಮಂದಿಯನ್ನೂ ಬಾಬಿಲೋನಿಗೆ ಹಿಡಿದುಕೊಂಡು ಹೋದ. ಅಲ್ಲಿಯವರಿಗೆ ಇದ್ದದ್ದು ಒಂದೇ ಪ್ರಶ್ನೆ, ಊರಿಗೆ ವಾಪಸ್ ಯಾವಾಗ? ಹನನ್ಯ ಅನ್ನುವ ಪ್ರವಾದಿ ಎರಡೇ ವರ್ಷ ಅಂದ. ಯೆರೆಮೀಯ ಕುತ್ತಿಗೆಗೆ ಹಾಕಿಕೊಂಡಿದ್ದ ಮರದ ನೊಗವನ್ನು ಜನರ ಎದುರು ಕಿತ್ತು ಮುರಿದೂ ತೋರಿಸಿದ. ಜನರಿಗೆ ಅದೇ ಬೇಕಿತ್ತು. ಯೆರೆಮೀಯ ಬರೆದ ಕಾಗದ ಅದಕ್ಕೆ ತದ್ವಿರುದ್ಧ. ಮನೆ ಕಟ್ಟಿಕೊಳ್ಳಿ, ತೋಟ ಮಾಡಿ ಅದರ ಫಲ ತಿನ್ನಿ, ಮಕ್ಕಳಿಗೆ ಮದುವೆ ಮಾಡಿಸಿ, ನೀವು ಸೆರೆಯಾಗಿ ಹೋದ ಪಟ್ಟಣಕ್ಕೆ ಒಳ್ಳೆಯದಾಗಲಿ ಅಂತ ಪ್ರಾರ್ಥಿಸಿ, ಅದರ ಕ್ಷೇಮದಲ್ಲೇ ನಿಮ್ಮ ಕ್ಷೇಮ. 10ನೇ ವಾಕ್ಯದಲ್ಲಿ ಲೆಕ್ಕ ಬರುತ್ತದೆ: ಎಪ್ಪತ್ತು ವರ್ಷ. 11ನೇ ವಾಕ್ಯ ಅದಾದ ಮೇಲೆ.

ಅಂದರೆ ಆ ಕಾಗದ ಓದಿಸಿಕೊಂಡ ದೊಡ್ಡವರಲ್ಲಿ ಬಹಳಷ್ಟು ಜನ ಊರಿನ ಮುಖ ನೋಡದೆ ಬಾಬಿಲೋನಿನಲ್ಲೇ ತೀರಿಕೊಂಡಿರುತ್ತಾರೆ. ಹಿತದ ಆಲೋಚನೆ ಅಂದರೂ ಅದು ಅವರ ಮೊಮ್ಮಕ್ಕಳ ಕಾಲಕ್ಕೆ. ‘ಈ ವರ್ಷವೇ’ ಅನ್ನುವ ನಿಮ್ಮ ಗೆಳೆಯರು ಯೆರೆಮೀಯನ ವಾಕ್ಯ ಹಿಡಿದುಕೊಂಡು ಹನನ್ಯನ ಮಾತು ಆಡುತ್ತಿದ್ದಾರೆ, ಅವರಿಗೆ ಅದು ಗೊತ್ತಿಲ್ಲ ಅಷ್ಟೇ.

ಇದನ್ನು ನಿಮ್ಮ ಎದೆ ಒಡೆಯಲಿ ಅಂತ ಬರೆಯುತ್ತಿಲ್ಲ. ನನಗೆ ಆ ಕಾಗದದಲ್ಲಿ ಇಷ್ಟವಾಗುವುದು 5ರಿಂದ 7ನೇ ವಾಕ್ಯ. ಊರು ಬಿಟ್ಟು ಬಂದು, ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕಲಿತು, ಇನ್ನೆರಡು ವರ್ಷ ಅನ್ನುತ್ತಲೇ ಇಲ್ಲೇ ಮನೆ ಮಾಡಿ ಮಕ್ಕಳನ್ನು ದೊಡ್ಡದು ಮಾಡಿದ ಮುಂಬೈ, ಪುಣೆ ಕನ್ನಡಿಗರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಖಪುಟಕ್ಕೆ ಹಾಕುವುದಾದರೆ ಅದನ್ನು ಹಾಕಿ. ಅರ್ಜಿ ಹಾಕುವುದು ನಿಲ್ಲಿಸಬೇಡಿ. ನಂಬಿಕೆ ಕಮ್ಮಿ ಅಂದವರ ಫೋನ್ ಒಂದೆರಡು ವಾರ ಎತ್ತದಿದ್ದರೂ ಪಾಪ ಬರುವುದಿಲ್ಲ.

ಪ್ರಶ್ನೆ: ಮಗ್ದಲದ ಮರಿಯ ವೇಶ್ಯೆಯಾಗಿದ್ದಳು ಅಂತ ನಾಟಕದಲ್ಲಿ ತೋರಿಸಿದರು. ಬೈಬಲಿನಲ್ಲಿ ಎಲ್ಲಿದೆ?
— ಕಾಲೇಜು ಉಪನ್ಯಾಸಕಿ, ಪುಣೆ

ಉತ್ತರ: ಇಲ್ಲ. ಲೂಕ 7ರಲ್ಲಿ ಯೇಸುವಿನ ಪಾದಕ್ಕೆ ಕಣ್ಣೀರು ಸುರಿಸುವ ‘ಪಾಪಿಯಾದ ಹೆಂಗಸು’ ಇದ್ದಾಳೆ, ಹೆಸರಿಲ್ಲ. 8ನೇ ಅಧ್ಯಾಯದ ಶುರುವಿಗೆ ಮಗ್ದಲದ ಮರಿಯ ಬರುತ್ತಾಳೆ, ಏಳು ದೆವ್ವ ಬಿಟ್ಟುಹೋದವಳು ಅಂತ. ಜೊತೆಗೆ ಹೆರೋದನ ಅಧಿಕಾರಿಯ ಹೆಂಡತಿ ಯೋಹಾನಳು, ಸುಸನ್ನಳು. ಇವರೆಲ್ಲ ತಮ್ಮ ಆಸ್ತಿಯಿಂದ ಯೇಸುವಿನ ತಂಡಕ್ಕೆ ಖರ್ಚು ನೋಡಿಕೊಂಡವರು. ಪಕ್ಕಪಕ್ಕದ ಪುಟದ ಇಬ್ಬರನ್ನೂ ಬೆಥಾನ್ಯದ ಮರಿಯಳನ್ನೂ ಸೇರಿಸಿ ಒಬ್ಬಳನ್ನಾಗಿ ಮಾಡಿದ್ದು ಪೋಪ್ ಒಂದನೇ ಗ್ರೆಗರಿ, 591ರ ಒಂದು ಪ್ರವಚನದಲ್ಲಿ. ಅಲ್ಲಿಂದ ಚಿತ್ರ, ನಾಟಕ ಎಲ್ಲಕ್ಕೂ ಹಬ್ಬಿತು. 1969ರಲ್ಲಿ ಕ್ಯಾಥೊಲಿಕ್ ಸಭೆ ಪಂಚಾಂಗ ಪರಿಷ್ಕರಿಸಿದಾಗ ಆ ಗಂಟು ಬಿಚ್ಚಿತು. 2016ರಲ್ಲಿ ಪೋಪ್ ಫ್ರಾನ್ಸಿಸ್ ಜುಲೈ 22ರ ಅವಳ ದಿನವನ್ನು ಅಪೊಸ್ತಲರ, ಅಂದರೆ ಯೇಸು ಕಳಿಸಿದ ಮುಖ್ಯ ಶಿಷ್ಯರ, ಹಬ್ಬಗಳ ಸಾಲಿಗೆ ಏರಿಸಿದರು. ಯೋಹಾನ 20ರಲ್ಲಿ ಸಮಾಧಿಯ ಹತ್ತಿರ ಎದ್ದುಬಂದ ಯೇಸುವನ್ನು ಮೊದಲು ಕಂಡು, ಶಿಷ್ಯರಿಗೆ ಸುದ್ದಿ ಮುಟ್ಟಿಸಿದವಳು ಅವಳೇ. ನಾಟಕದವರಿಗೆ ಅದು ಸಾಲದಾಯಿತೇನೋ.

ಪ್ರಶ್ನೆ: ಕಣ್ಣಿಗೆ ಕಣ್ಣು, ಹಲ್ಲಿಗೆ ಹಲ್ಲು. ಯೇಸುವಿಗೂ ಮುಂಚಿನ ಹಳೇ ಒಡಂಬಡಿಕೆಯ ದೇವರು ಕ್ರೂರಿ, ಯೇಸು ಬಂದ ಮೇಲಿನ ಹೊಸದರಲ್ಲಿ ಪ್ರೀತಿ. ಸರಿ ತಾನೆ?
— ನಿವೃತ್ತ ಬ್ಯಾಂಕ್ ನೌಕರರು, ಮಾಟುಂಗಾ

ಉತ್ತರ: ಅಷ್ಟು ಸುಲಭಕ್ಕೆ ಎರಡು ಭಾಗ ಆಗುವುದಿಲ್ಲ ಸಾರ್. ಆದಿಕಾಂಡ 4ರಲ್ಲಿ ಲೆಮೆಕ ಅನ್ನುವವನು ತನ್ನನ್ನು ಗಾಯ ಮಾಡಿದವನನ್ನು ಕೊಂದೇಬಿಟ್ಟೆ, ನನ್ನ ಸೇಡು ಎಪ್ಪತ್ತೇಳು ಪಟ್ಟು ಅಂತ ಹೆಂಡತಿಯರ ಎದುರು ಜಂಬ ಕೊಚ್ಚುತ್ತಾನೆ. ಸೇಡು ಅಂದರೆ ಹಾಗೆ, ಏರುತ್ತಾ ಹೋಗುತ್ತದೆ. ಅಂಥ ಕಡೆ ‘ಕಣ್ಣಿಗೆ ಕಣ್ಣು’ ಅಂದರೆ ಒಂದಕ್ಕೆ ಒಂದೇ, ಅದಕ್ಕಿಂತ ಮೇಲೆ ಹೋಗಬೇಡ ಅಂತ. ವಿಮೋಚನಕಾಂಡ 21ರಲ್ಲಿ ಈ ಮಾತಾದ ತಕ್ಷಣ ಬರುವುದು ಏನು ಗೊತ್ತಾ? ಯಜಮಾನ ತನ್ನ ಗುಲಾಮನ ಕಣ್ಣು ಕಳೆದರೆ, ಹಲ್ಲು ಮುರಿದರೂ ಸಾಕು, ಆ ಗುಲಾಮನನ್ನು ಬಿಡುಗಡೆ ಮಾಡಬೇಕು. ಅಲ್ಲಿ ಯಜಮಾನನ ಕಣ್ಣು ಕೀಳುವ ಮಾತೇ ಇಲ್ಲ. ಗುಲಾಮಗಿರಿಯೇ ತಪ್ಪಲ್ಲವೇ ಅಂದರೆ ಹೌದು, ಒಪ್ಪುತ್ತೇನೆ. ಓದುವಾಗ ಕಷ್ಟ ಆಗುವ ಭಾಗಗಳು ಅಲ್ಲಿ ಬೇಕಾದಷ್ಟಿವೆ, ಎಲ್ಲವನ್ನೂ ನುಣ್ಣಗೆ ಮಾಡಿ ತೋರಿಸುವುದು ನನ್ನಿಂದಾಗದು.

ಮತ್ತೆ, ‘ನೆರೆಯವನನ್ನು ನಿನ್ನಂತೆಯೇ ಪ್ರೀತಿಸು’ ಅನ್ನುವುದು ಯೇಸು ಮೊದಲು ಹೇಳಿದ್ದಲ್ಲ. ಯಾಜಕಕಾಂಡ 19ರ 18ರಿಂದ ಎತ್ತಿಕೊಂಡದ್ದು. ಅದೇ ಅಧ್ಯಾಯದ 34ರಲ್ಲಿ ಪರದೇಶದವನನ್ನೂ ಹಾಗೇ ಪ್ರೀತಿಸು ಅಂತ ಇದೆ. ಇತ್ತ ಹೊಸ ಒಡಂಬಡಿಕೆಯಲ್ಲಿ ಪೇತ್ರ ಎಷ್ಟು ಸಲ ಕ್ಷಮಿಸಲಿ, ಏಳು ಸಲವಾ ಅಂದಾಗ ಯೇಸು ಏಳೆಪ್ಪತ್ತು ಅನ್ನುತ್ತಾನೆ. ಲೆಮೆಕನ ಲೆಕ್ಕ ಗೊತ್ತಿದ್ದವರಿಗೆ ಆ ಉತ್ತರದ ಕುಟುಕು ತಟ್ಟನೆ ಕಾಣುತ್ತದೆ.

ಪ್ರಶ್ನೆ: ನಾನು ಕ್ರೈಸ್ತಳಲ್ಲ, ಆದರೆ ಓದಬೇಕು ಅನಿಸಿದೆ. ಎಲ್ಲಿಂದ ಶುರು ಮಾಡಲಿ? ನನ್ನ ಗೆಳತಿಯರಲ್ಲಿ ಒಬ್ಬಳ ಬೈಬಲಿನಲ್ಲಿ 66 ಪುಸ್ತಕ, ಇನ್ನೊಬ್ಬಳದರಲ್ಲಿ 73. ಯಾವುದು ಸರಿ?
— ಗೃಹಿಣಿ, ಥಾಣೆ

ಉತ್ತರ: 66 ಪ್ರಾಟೆಸ್ಟಂಟರದು, 73 ಕ್ಯಾಥೊಲಿಕರದು. ತೋಬಿತ, ಯೂದಿತ, ಮಕ್ಕಬಿಯರು ಮುಂತಾದ ಏಳು ಪುಸ್ತಕಗಳ ವ್ಯತ್ಯಾಸ, ಎಲ್ಲ ಹಳೇ ಒಡಂಬಡಿಕೆಯ ಕಡೆಯವು. ಹೊಸದರಲ್ಲಿ ಇಬ್ಬರಿಗೂ 27. ಯಾರದನ್ನು ತಂದರೂ ನಡೆಯುತ್ತದೆ.

ಮಾರ್ಕನಿಂದ ಶುರು ಮಾಡಿ. 16 ಅಧ್ಯಾಯ, ಯೇಸುವಿನ ಕಥೆ ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಚಿಕ್ಕದು. ಮುಂಬೈಯ ಸಿಎಸ್‌ಎಂಟಿ ಸ್ಟೇಷನ್ನಿನಲ್ಲಿ ಕರ್ಜತ್ ಲೋಕಲ್ ರೈಲು ಹತ್ತಿ ಕೂರಲು ಜಾಗ ಸಿಕ್ಕರೆ ಇಳಿಯುವಷ್ಟರಲ್ಲಿ ಮುಗಿದೀತು. ಒಂದೇ ಸಲಕ್ಕೆ ಓದುವುದು ಮುಖ್ಯ. ಈ ಅಧ್ಯಾಯ, ವಾಕ್ಯದ ಸಂಖ್ಯೆಗಳಿವೆಯಲ್ಲ, ಬರೆದವರು ಹಾಕಿದ್ದಲ್ಲ ಅವು. ಈಗಿನ ಅಧ್ಯಾಯ ವಿಂಗಡಣೆ 13ನೇ ಶತಮಾನದ ಶುರುವಿನ ಸ್ಟೀಫನ್ ಲ್ಯಾಂಗ್ಟನ್ ಅವರದು. ಹೊಸ ಒಡಂಬಡಿಕೆಗೆ ಈಗಿನ ವಾಕ್ಯಸಂಖ್ಯೆ ಹಾಕಿದವರು ರೊಬೇರ್ ಎಸ್ತಿಯೆನ್ ಅನ್ನುವ ಮುದ್ರಕರು, 1551ರಲ್ಲಿ. ಹುಡುಕಲು ಅನುಕೂಲ ಆಗಲಿ ಅಂತ ಮಾಡಿದ್ದು. ಅದೇ ಅನುಕೂಲದಿಂದ ಒಂದೊಂದೇ ಸಾಲು ಕಿತ್ತುಕೊಂಡು ಹೋಗುವುದೂ ಸುಲಭವಾಯಿತು, ಈಗಂತೂ ಬೆಳಿಗ್ಗೆ ಆರಕ್ಕೇ ಗುಲಾಬಿ ಹೂವಿನ ಮೇಲೆ ಕೂತು ವಾಟ್ಸ್ಯಾಪಿಗೆ ಬಂದುಬಿಡುತ್ತವೆ. ಕಿತ್ತ ಸಾಲು ತಪ್ಪಾಗಿಯೇ ಇರಬೇಕು ಅಂತಲ್ಲ. ಮತ್ತಾಯ 4ರಲ್ಲಿ ಸೈತಾನ ದೇವಾಲಯದ ತುದಿಗೆ ಯೇಸುವನ್ನು ನಿಲ್ಲಿಸಿ, ಧುಮುಕು, ದೇವದೂತರು ಕೈಯಲ್ಲಿ ಎತ್ತಿಕೊಳ್ಳುತ್ತಾರೆ ಅಂತ ಬರೆದಿದೆಯಲ್ಲ ಅನ್ನುತ್ತಾನೆ. ಬರೆದಿದೆ, 91ನೇ ಕೀರ್ತನೆಯಲ್ಲಿ. ಯೇಸು ಹಾಗೆ ಬರೆದಿಲ್ಲ ಅನ್ನುವುದಿಲ್ಲ. ದೇವರನ್ನು ಪರೀಕ್ಷಿಸಬೇಡ ಅಂತಲೂ ಬರೆದಿದೆ ಅನ್ನುತ್ತಾನೆ. ಎರಡನ್ನೂ ಒಟ್ಟಿಗೆ ಇಟ್ಟು ಓದು ಅಂತ.

ಓದಿನ ಶ್ರದ್ಧೆ ಅಂದರೆ ಪುಣೆ ಹತ್ತಿರದ ಕೇಡ್‌ಗಾಂವದ ಪಂಡಿತಾ ರಮಾಬಾಯಿ. ನಮ್ಮ ಕಾರ್ಕಳ ಕಡೆಯ ಮಾಳದ ಅನಂತಶಾಸ್ತ್ರಿ ಡೋಂಗ್ರೆಯವರ ಮಗಳು. ಅಪ್ಪ ಅಮ್ಮನಿಂದ ಸಂಸ್ಕೃತ ಕಲಿತವರು. ಕ್ರೈಸ್ತರಾದ ಮೇಲೆ, ಪಾದ್ರಿಗಳು ಹೇಳಿದ್ದನ್ನೆಲ್ಲ ಹಾಗೇ ಒಪ್ಪಿಕೊಳ್ಳದೆ ಅವರೊಂದಿಗೆ ವಾದಕ್ಕೆ ನಿಂತರು. ಹೀಬ್ರೂ, ಗ್ರೀಕ್ ಕಲಿತು ಇಡೀ ಬೈಬಲನ್ನು ಒಬ್ಬರೇ ಮರಾಠಿಗೆ ತಂದರು. ಆ ಕೆಲಸ ಮುಗಿಸಿ 1922ರಲ್ಲಿ ತೀರಿಕೊಂಡರು, ಪುಸ್ತಕ ಅಚ್ಚಾಗಿ ಬಂದದ್ದು 1924ರಲ್ಲಿ. ನೀವು ಅಷ್ಟು ಮಾಡಬೇಕಾಗಿಲ್ಲ. ಮಾರ್ಕ ಮುಗಿದ ಮೇಲೆ ಯೋನ, ಆಮೇಲೆ ರೂತಳ ಕಥೆ ಓದಿ, ಎರಡೂ ನಾಲ್ಕು ನಾಲ್ಕೇ ಅಧ್ಯಾಯ. ಅರ್ಥವಾಗದ ಕಡೆ ಪೆನ್ಸಿಲ್ ಗುರುತು ಹಾಕಿಟ್ಟುಕೊಂಡು ಇಬ್ಬರು ಗೆಳತಿಯರಿಗೂ ಕೇಳಿ. ಇಬ್ಬರೂ ಒಂದೇ ಉತ್ತರ ಕೊಡದಿದ್ದರೆ ಇನ್ನೂ ಒಳ್ಳೆಯದು.

ಪ್ರಶ್ನೆ: ‘ತನಗೆ ತಾನೇ ಸಹಾಯ ಮಾಡಿಕೊಳ್ಳುವವನಿಗೆ ದೇವರು ಸಹಾಯ ಮಾಡುತ್ತಾನೆ.’ ಬೈಬಲಿನ ಯಾವ ಅಧ್ಯಾಯ? ಸಂಘದ ವಾರ್ಷಿಕೋತ್ಸವದ ಭಾಷಣಕ್ಕೆ ಅರ್ಜೆಂಟಾಗಿ ಬೇಕು.
— ಕಾರ್ಯದರ್ಶಿ, ಮುಲುಂಡ್

ಉತ್ತರ: ಯಾವ ಅಧ್ಯಾಯವೂ ಅಲ್ಲ. ಈಸೋಪನ ಒಂದು ಕಥೆಯಲ್ಲಿ ಗಾಡಿ ಕೆಸರಿಗೆ ಸಿಕ್ಕಿಕೊಂಡವನಿಗೆ ಗ್ರೀಕರ ದೇವರು ಹೀಗೆ ಹೇಳುತ್ತಾನೆ. ಗಾದೆ ಅಂತ ಹೇಳಿಬಿಡಿ, ಸಭೆಯಲ್ಲಿ ಯಾರೂ ಎದ್ದು ಅಧ್ಯಾಯ ಕೇಳುವುದಿಲ್ಲ.